ಉಪ್ಪುಸಾರಿಗೆ ಖಾರ ಬೇರೆ

ಮನಸ್ಸು ಮುರಿದವರಿಗೆ ಅನ್ನ ಸೇರುವುದಿಲ್ಲ ಎಂದು ಹೇಳುವವರು ಬಹಳ ಜನ. ಅವರು ಯಾರೂ ನಮ್ಮ ಮಂಡ್ಯದ ಕಡೆಯವರಲ್ಲ ಎಂದು ನಾನು ಛಾಪಾ ಕಾಗದದ ಮೇಲೆ ಬರೆದುಕೊಡಬಲ್ಲೆ. ಶೋಭಾ ನನಗೆ "ಇನ್ನು ಸಾಕು ಕಣ್ರೀ" ಎಂದು ಹೇಳಿ ಮದ್ದೂರಿನ ಬಸ್ಸು ಹತ್ತಿದ್ದು ಒಂದು ಭಾನುವಾರ ಮಧ್ಯಾಹ್ನ ಎರಡೂವರೆಗೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಮಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮೂರು ಗಂಟೆಗೆ ನನಗೆ ಹಸಿವಾಯಿತು. ನಾಲ್ಕು ವರ್ಷದ ಸಂಬಂಧ ಮುರಿದುಬಿದ್ದಿದೆ, ಈ ಹೊಟ್ಟೆಗೆ ಒಂದು ದಿನದ ಮಟ್ಟಿಗಾದರೂ ಮಾನ ಮರ್ಯಾದೆ ಬೇಡವೇ ಎಂದು ಬೈದುಕೊಂಡೆ. ಬೈದುಕೊಳ್ಳುತ್ತಲೇ ಪಕ್ಕದ ಹೋಟೆಲಿಗೆ ನುಗ್ಗಿ ಒಂದು ಪ್ಲೇಟು ಚಿತ್ರಾನ್ನ, ಎರಡು ವಡೆ ತಿಂದೆ. ದುಃಖದಲ್ಲಿದ್ದೇನೆ ಎಂಬ ಕಾರಣಕ್ಕೆ ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ, ಅಷ್ಟೇ.

ನಾನು ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹೆಸರು ಪುಟ್ಟಸ್ವಾಮಿ, ವಯಸ್ಸು ಮೂವತ್ತೇಳು. ಕಚೇರಿಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಅರ್ಜಿ ಬರೆಯಲು ಬಾರದೆ ಬಾಗಿಲ ಬಳಿ ನಿಂತವರನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅವರ ಕೈಯಿಂದ ಕಾಗದ ಕಸಿದುಕೊಂಡು ನಾನೇ ತುಂಬಿಬಿಡುತ್ತೇನೆ. ಹೆಸರು, ತಂದೆಯ ಹೆಸರು, ಊರು ಕೇಳುತ್ತೇನೆ. ಆಮೇಲಿನದನ್ನು ಕೇಳುವುದಿಲ್ಲ, ಏಕೆಂದರೆ ಅವರಿಗೆ ಏನು ಬೇಕೆಂಬುದು ಅವರಿಗಿಂತ ಚೆನ್ನಾಗಿ ನನಗೆ ಗೊತ್ತಿರುತ್ತದೆ. ಒಮ್ಮೆ ಒಬ್ಬ ಮುದುಕಿ ಪಡಿತರ ಚೀಟಿಯಲ್ಲಿ ಹೆಸರು ತಿದ್ದಿಸಲು ಬಂದವಳಿಗೆ ನಾನು ವೃದ್ಧಾಪ್ಯ ವೇತನದ ಅರ್ಜಿ ತುಂಬಿಕೊಟ್ಟಿದ್ದೆ. ಆಕೆಗೆ ವೇತನ ಆಗಲೇ ಬರುತ್ತಿತ್ತಂತೆ. "ಒಳ್ಳೇ ಮನ್ಸ ಕಣಪ್ಪ ನೀನು, ಆದ್ರೆ ಒಸಿ ಬಾಯಿ ಮುಚ್ಕಂಡು ಕೇಳುಸ್ಕೊ" ಎಂದು ಹೇಳಿ ಹೋದಳು. ಅದನ್ನು ನಾನು ಹೊಗಳಿಕೆ ಎಂದುಕೊಂಡು ಕಚೇರಿಯಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದೆ.

ಶೋಭಾ ಮದ್ದೂರು ತಾಲೂಕಿನ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ದನ ಕುರಿಗಳಿಗೆ ಲಸಿಕೆ ಹಾಕುವುದು, ಕಿವಿಗೆ ಓಲೆ ಹಾಕಿ ನಂಬರು ಬರೆದುಕೊಳ್ಳುವುದು ಅವಳ ಕೆಲಸ. ಒದೆಯುವ ಎಮ್ಮೆಯ ಹಿಂದೆ ನಿಂತು ಮಾತಾಡಿ ಅಭ್ಯಾಸವಾಗಿದ್ದರಿಂದ ನನ್ನ ಜೊತೆ ಮಾತಾಡಲು ಅವಳಿಗೆ ಹೆದರಿಕೆ ಇರಲಿಲ್ಲ. ಅವಳ ಅಕ್ಕನ ಮನೆ ನಮ್ಮ ಬೀದಿಯ ತುದಿಯಲ್ಲೇ ಇದೆ. ಎರಡೂ ಮನೆಯವರು ಒಪ್ಪಿದ್ದರು, ದಿನ ಗೊತ್ತಾಗುವುದೊಂದು ಬಾಕಿ. ಅದು ಒಂದಲ್ಲ ಒಂದು ನೆಪದಲ್ಲಿ ನಾಲ್ಕು ವರ್ಷ ಬಾಕಿಯಾಗಿಯೇ ಉಳಿದಿತ್ತು. ಭಾನುವಾರ ಅಕ್ಕನ ಮನೆಗೆ ಬಂದವಳು ಊಟದ ಹೊತ್ತಿಗೆ ಸ್ಟೀಲಿನ ಕ್ಯಾರಿಯರ್ ಹಿಡಿದು ನನ್ನಲ್ಲಿಗೆ ಬರುತ್ತಿದ್ದಳು. ನಾನಿರುವುದು ಕೆಂಪಮ್ಮ ಎಂಬ ಎಪ್ಪತ್ತು ದಾಟಿದ ಅಜ್ಜಿಯ ಮನೆಯ ಮೇಲಿನ ಕೋಣೆಯಲ್ಲಿ. "ತಾಳಿ ಕಟ್ಟೋಗಂಟ ಎಣ್ಣು ಮೆಟ್ಲು ಅತ್ತಂಗಿಲ್ಲ" ಎಂದು ಅಜ್ಜಿ ಮೊದಲ ದಿನವೇ ಕಾನೂನು ಮಾಡಿದ್ದರಿಂದ ನಮ್ಮ ಪ್ರೇಮವೆಲ್ಲ ನಡೆದದ್ದು ಕೆಳಗಿನ ಜಗಲಿಯ ಮೇಲೆ. ಅಜ್ಜಿ ಎರಡು ಮೊಳ ದೂರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರೆ ಕಾಲ ಮುಗಿದ ಮೇಲೆ ಸುಲಿಯಲು ಏನೂ ಇಲ್ಲದೆ ನಮ್ಮನ್ನೇ ನೋಡುತ್ತಾ ಕೂರುತ್ತಿದ್ದರು.

ಕ್ಯಾರಿಯರಿನಲ್ಲಿ ಇರುತ್ತಿದ್ದದ್ದು ಉಪ್ಪುಸಾರು. ಹೊರಗಿನವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಸೊಪ್ಪು ಕಾಳು ಒಟ್ಟಿಗೆ ಬೇಯಿಸಿ, ಉಪ್ಪು ಹಾಕಿ, ನೀರು ಬಸಿದರೆ ಆ ನೀರೇ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಅದು ಪಲ್ಯ. ಬರೀ ಸಾರನ್ನು ಬಾಯಿಗೆ ಇಟ್ಟರೆ ಏನೂ ಇಲ್ಲ, ಸಪ್ಪೆ. ಅದರ ಜೀವ ಇರುವುದು ಖಾರದಲ್ಲಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಸೇರಿಸಿ ನುಣ್ಣಗೆ ಅರೆದ ಈ ಖಾರವನ್ನು ಬೇರೆ ಬಟ್ಟಲಲ್ಲಿ ಇಡುತ್ತಾರೆ. ತಟ್ಟೆಗೆ ಮುದ್ದೆ ಬಿದ್ದು, ಸಾರು ಬಿದ್ದ ಮೇಲೆ ಬೇಕಾದಷ್ಟು ಖಾರ ಕಲಸಿಕೊಂಡು ಉಣ್ಣುವುದು. ಮನಸ್ಸು ನೊಂದವರಿಗೆ ಇದಕ್ಕಿಂತ ಹಿತವಾದ ಊಟ ನನಗೆ ಗೊತ್ತಿಲ್ಲ. ಮುಖ್ಯ ಕಾರಣ, ಮುದ್ದೆಯನ್ನು ಅಗಿಯುವ ಹಾಗಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಅಳು ಬಂದವನಿಗೆ ಅಗಿಯುವ ತ್ರಾಣ ಎಲ್ಲಿಂದ ಬರಬೇಕು?

ಶೋಭಾ ಖಾರವನ್ನು ಅಂಗೈಯಗಲದ ಡಬ್ಬಿಯಲ್ಲಿ ಬೇರೆಯಾಗಿ ತರುತ್ತಿದ್ದಳು. ಮೊದಲ ಭಾನುವಾರ ಅವಳು ಒಂದು ತುತ್ತು ಉಂಡವಳೇ ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಪಾಪ, ಇವಳಿಗೆ ಖಾರ ಆಗುವುದಿಲ್ಲ ಎಂದು ನಾನು ಆ ಕ್ಷಣವೇ ತೀರ್ಮಾನಿಸಿಬಿಟ್ಟೆ. ಅಂದಿನಿಂದ ಡಬ್ಬಿ ನನ್ನ ಸುಪರ್ದಿಗೆ ಬಂತು. ಅವಳ ತಟ್ಟೆಗೆ ಕಡಲೆಕಾಳಿನಷ್ಟು ಇಟ್ಟು ಉಳಿದದ್ದನ್ನೆಲ್ಲ ನಾನು ಹಾಕಿಕೊಳ್ಳುತ್ತಿದ್ದೆ. "ಇನ್ನೊಂಚೂರು ಹಾಕ್ರಿ" ಎನ್ನುತ್ತಿದ್ದಳು. "ಬೇಡ ಸುಮ್ನಿರು, ಆಮೇಲೆ ಕೆಮ್ಮು ಬರುತ್ತೆ" ಎನ್ನುತ್ತಿದ್ದೆ. ಹೆಂಗಸರ ಆರೋಗ್ಯದ ಬಗ್ಗೆ ಇಷ್ಟು ಕಾಳಜಿ ಇರುವ ಗಂಡಸು ತಾಲೂಕಿನಲ್ಲಿ ಇನ್ನೊಬ್ಬನಿರಲಾರ ಎಂದು ನನಗೆ ಒಳಗೊಳಗೇ ಹೆಮ್ಮೆ.

ಇನ್ನು ಸಂಬಂಧ ಮುರಿದದ್ದಕ್ಕೆ ಬರುತ್ತೇನೆ. ಮದುವೆಯಾದ ಮೇಲೆ ಅವಳು ಮಳವಳ್ಳಿಯಿಂದ ಮದ್ದೂರಿನ ಕಡೆಗೆ ದಿನಾ ಓಡಾಡಬೇಕಲ್ಲ ಎಂದು ನನಗೆ ಸಂಕಟ. ಬಂಡೂರಿನ ಹತ್ತಿರದ ಒಂದು ಪಶು ಆಸ್ಪತ್ರೆಯಲ್ಲಿ ಜಾಗ ಖಾಲಿಯಾಗುತ್ತಿದೆ ಎಂದು ಸುದ್ದಿ ಸಿಕ್ಕಿತು. ಎಲ್ಲೆಲ್ಲಿಂದಲೋ ಜನ ಬಂದು ನೋಡುವ ಬಂಡೂರು ಕುರಿಗಳು, ನನ್ನ ಶೋಭಾ, ಮಳವಳ್ಳಿಗೆ ಕೂಗಳತೆ. ನನಗೆ ಅದೆಲ್ಲ ಚಿತ್ರದ ಹಾಗೆ ಕಂಡಿತು. ವರ್ಗಾವಣೆಯ ಅರ್ಜಿಯನ್ನು ಅವಳ ಪರವಾಗಿ ನಾನೇ ತುಂಬಿದೆ. ಕಾರಣ ಎಂಬ ಅಂಕಣದಲ್ಲಿ 'ಕೌಟುಂಬಿಕ' ಎಂದು ಬರೆದು, ಕೆಳಗೆ ಅವಳ ಸಹಿಗೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ, ಆ ಭಾನುವಾರ ಕ್ಯಾರಿಯರ್ ಬಿಚ್ಚುವ ಮೊದಲೇ ಜಗಲಿಯ ಮೇಲೆ ಅವಳ ಮುಂದಿಟ್ಟೆ. ಉಡುಗೊರೆ ಕೊಟ್ಟವನಂತೆ ನಗುತ್ತಾ ನಿಂತಿದ್ದೆ.

ಶೋಭಾ ಅದನ್ನು ಎರಡು ಸಲ ಓದಿದಳು. "ನಾನ್ಯಾವಾಗ ವರ್ಗ ಕೇಳಿದ್ದೆ?" ಎಂದಳು.

"ಕೇಳೋದೇನು, ನಿನಗೆ ಒಳ್ಳೇದಲ್ವಾ?" ಎಂದೆ.

"ಅಲ್ಲಿ ನನ್ನ ನಂಬ್ಕಂಡು ಎಂಟು ಹಳ್ಳಿ ಅವೆ. ಯಾವ ಮನೆ ಹಸು ಯಾವಾಗ ಕರ ಹಾಕುತ್ತೆ ಅಂತ ನಂಗೊತ್ತು. ಬಿಟ್ಟು ಬರ್ತೀಯಾ ಅಂತ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮ್ಗೆ? ಕುರಿಗೆ ಸೂಜಿ ಹಾಕ್ಬೇಕಾದ್ರೂ ಯಜಮಾನ್ರನ್ನ ಒಂದ್ಸಲ ಕೇಳ್ತೀವಿ ಕಣ್ರೀ."

ನಾನು ಆಗ ಸುಮ್ಮನಿರಬಹುದಾಗಿತ್ತು. ನನ್ನ ಕೈಯಂತೆ ನನ್ನ ಬಾಯಿಯೂ ಸುಮ್ಮನಿರುವ ಜಾತಿಯದಲ್ಲ. "ಮೊದಲು ಸಹಿ ಹಾಕು, ಆಮೇಲೆ ಯೋಚನೆ ಮಾಡೋಣ" ಎಂದುಬಿಟ್ಟೆ. ಅವಳು ಎದ್ದಳು. ಅಜ್ಜಿಗೆ "ಬತ್ತೀನಿ ಕಣಜ್ಜಿ" ಎಂದಳು. ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಹೋದೆ. ಆಗಲೇ ಅವಳು "ಇನ್ನು ಸಾಕು ಕಣ್ರೀ" ಎಂದದ್ದು. ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಧೈರ್ಯ ಇರುತ್ತಿತ್ತು.

ಹೋಟೆಲಿನಿಂದ ಮನೆಗೆ ಬಂದರೆ ಜಗಲಿಯ ಮೇಲೆ ಕ್ಯಾರಿಯರ್ ಹಾಗೇ ಕೂತಿತ್ತು. ಸಂಜೆಗೆ ಅದನ್ನೂ ಉಂಡೆ. ಉಂಡು, ತೊಳೆದು, ಒರೆಸಿ, ಕಪಾಟಿನಲ್ಲಿಟ್ಟೆ. ಕ್ಯಾರಿಯರ್ ಅವಳ ತಾಯಿಯದು, ಹಿಡಿಯ ಮೇಲೆ ಹೆಸರು ಕೊರೆಸಿದೆ. ಅದನ್ನು ಬಿಟ್ಟು ಅವಳು ಇರುವುದಿಲ್ಲ, ಒಂದಲ್ಲ ಒಂದು ದಿನ ಬಂದೇ ಬರಬೇಕು. ಬಂದಾಗ ಮನಸ್ಸು ತಿರುಗಿಸಿದರೆ ಆಯಿತು, ಇಲ್ಲದಿದ್ದರೆ ಕ್ಯಾರಿಯರ್ ಜೊತೆಗೆ ಎಲ್ಲವೂ ಹೋಯಿತು. ನನ್ನ ಕೈಯಲ್ಲಿ ಉಳಿದಿದ್ದದ್ದು ಆ ಒಂದು ಅವಕಾಶ.

ಮೊದಲ ವಾರ ಏನು ಮಾಡಲೂ ತೋಚಲಿಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ರಜೆ ಹಾಕಿ ಶಿವನಸಮುದ್ರಕ್ಕೆ ಹೋದೆ. ನೊಂದವರು ಜಲಪಾತದ ಮುಂದೆ ನಿಂತರೆ ಏನೋ ಸಮಾಧಾನವಾಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಬೇಸಿಗೆಯಾದ್ದರಿಂದ ಜಲಪಾತ ಇರಲಿಲ್ಲ, ಬಂಡೆಗಳಿದ್ದವು. ನಡುವೆ ಎಲ್ಲೋ ಒಂದು ಸಣ್ಣ ಧಾರೆ, ನಮ್ಮ ಬೀದಿ ನಲ್ಲಿಯಲ್ಲಿ ಬರುವಷ್ಟು. ಒಬ್ಬನೇ ಕಂಬಿ ಹಿಡಿದು ಒಂದು ಗಂಟೆ ನಿಂತವನನ್ನು ಕಂಡು ಕಾವಲುಗಾರನಿಗೆ ಅನುಮಾನ ಬಂತು. ಹತ್ತಿರ ಬಂದು ಮೆಲ್ಲಗೆ "ಊಟ ಆಯ್ತಾ ಸಾ?" ಎಂದು ಕೇಳಿದ. ಇಲ್ಲ ಎಂದೆ. "ಅದುಕ್ಕೇ ಅಂಗ್ ನಿಂತಿದ್ದೀರಿ. ಮೊದ್ಲು ಓಗಿ ಇಟ್ಟು ಉಣ್ಣಿ, ಆಮೇಕೆ ನೋಡ್ಕಬೋದು ಎಲ್ಲಾನುವೆ" ಎಂದು ಬಸ್ಸಿನವರೆಗೆ ಬಂದು ಹತ್ತಿಸಿ ಹೋದ. ನಮ್ಮ ಕಡೆ ಇಟ್ಟು ಎಂದರೆ ಮುದ್ದೆ. ಬಸ್ಸಿನಲ್ಲಿ ಕೂತು ಯೋಚಿಸಿದಾಗ ಆ ಮನುಷ್ಯ ಹೇಳಿದ್ದು ಸರಿ ಎನ್ನಿಸಿತು. ನಾಲ್ಕು ವರ್ಷ ಅವಳು ಮಾಡಿ ತಂದದ್ದನ್ನು ಉಂಡವನು ನಾನು. ಈ ಸಲ ನಾನು ಉಪ್ಪುಸಾರು ಮಾಡಿ ಅವಳಿಗೆ ಬಡಿಸಬೇಕು. ಬಾಯಿಂದ ಹೇಳಲಾಗದ್ದನ್ನು ಮುದ್ದೆಯಾದರೂ ಹೇಳೀತು.

ಮುದ್ದೆ ಏನನ್ನೂ ಹೇಳಲಿಲ್ಲ. ಮೊದಲ ದಿನ ಅದು ಗಂಜಿಯಾಯಿತು. ಎರಡನೆಯ ದಿನ ಗೋಡೆಗೆ ಹೊಡೆದರೆ ವಾಪಸ್ಸು ಬರುವ ಹಾಗಾಯಿತು. ಮೂರನೆಯ ದಿನ ಹಿಟ್ಟಿನ ಕೋಲು ಪಾತ್ರೆಯಲ್ಲಿ ಸಿಕ್ಕಿಕೊಂಡು, ನಾನು ಕೋಲು ಎತ್ತಿದರೆ ಪಾತ್ರೆಯೂ ಜೊತೆಗೇ ಎದ್ದಿತು. ನಮ್ಮ ಅವ್ವ ನನ್ನನ್ನು ಒಲೆಯ ಹತ್ತಿರ ಬಿಟ್ಟವಳಲ್ಲ, ಅದನ್ನೂ ಆಗ ನಾನು ಅಕ್ಕರೆ ಎಂದುಕೊಂಡಿದ್ದೆ. ನಾಲ್ಕನೆಯ ದಿನ ಒಳಗೆ ನಾಲ್ಕೈದು ಗಂಟು ಬಿಟ್ಟರೆ ಮುದ್ದೆ ಎನ್ನಬಹುದಾದ ಒಂದು ವಸ್ತು ತಯಾರಾಯಿತು. ಅಂದೇ ಸೊಪ್ಪು ಕಾಳು ಬೇಯಿಸಿ ಬಸಿದೆ. ಖಾರ ಅರೆದೆ. ತೊಳೆಯಲು ಒಂದು ಬಟ್ಟಲು ಕಡಿಮೆಯಾಗುತ್ತದಲ್ಲ ಎಂದು ಅರೆದ ಖಾರವನ್ನೆಲ್ಲ ಸಾರಿನ ಪಾತ್ರೆಗೇ ಸುರಿದು ತಿರುಗಿಸಿದೆ. ಬಣ್ಣ ಕೆಂಪಗೆ ಚೆನ್ನಾಗಿಯೇ ಬಂತು. ಒಂದು ಲೋಟದಲ್ಲಿ ಅಜ್ಜಿಗೂ ತೆಗೆದುಕೊಂಡು ಹೋದೆ.

ಕೆಂಪಮ್ಮಜ್ಜಿ ಲೋಟದೊಳಗೆ ನೋಡಿದರು. ನನ್ನ ಮುಖ ನೋಡಿದರು. "ಏನ್ಲಾ ಇದು?"

"ಉಪ್ಪುಸಾರು ಅಜ್ಜಿ."

"ಖಾರ ಎಲ್ಲಿ?"

"ಒಳಗೇ ಹಾಕಿದ್ದೀನಿ."

ನಾನು ಹಾಲಿಗೆ ಉಪ್ಪು ಹಾಕಿದ್ದರೂ ಅವರು ಅಷ್ಟು ಗಾಬರಿಯಾಗುತ್ತಿರಲಿಲ್ಲ. "ಅಯ್ಯೋ ನಿನ್ ಮನೆ ಕಾಯೋಗ! ಉಪ್ಸಾರ್ಗೆ ಯಾರ್ಲಾ ಪಾತ್ರೆಗೇ ಖಾರ ಸುರ್ದಾರು? ಅವ್ರವ್ರ ತಟ್ಟೆಗೆ ಅವ್ರವ್ರೇ ಆಕ್ಕೊಳಾದು ಕಣ್ಲಾ. ನಮ್ಮನೇಲಿ ಒಂಬತ್ತು ಜನ ಇದ್ವಿ. ನಮ್ ಮಾವಂಗೆ ನಿಂಬೆಅಣ್ಣಿನ ಗಾತ್ರ ಖಾರ ಬೇಕು. ನಮ್ ಯಜಮಾನ್ರಿಗೆ ವಾಸ್ನೆ ತೋರ್ಸುದ್ರೆ ಸಾಕು. ನಾನು ಬಸುರೀಲಿ ಒಂದಿನ ಬೇಕು ಅಂತಿದ್ದೆ, ಒಂದಿನ ಬ್ಯಾಡ ಅಂತಿದ್ದೆ. ಒಂದೇ ಸಾರು, ಒಬ್ರು ತಟ್ಟೆಗೆ ಒಬ್ರು ಕೈ ಆಕ್ತಿರ್ನಿಲ್ಲ. ಅದುಕ್ಕೇ ಒಂಬತ್ತು ಜನ ಒಂದೇ ಮನೇಲಿ ಇದ್ವಿ. ಎಲ್ರುಗೂ ಎಷ್ಟು ಬೇಕು ಅಂತ ನೀನೇ ಆಕ್ಬುಟ್ರೆ ಉಣ್ಣೋರು ಯಾಕ್ಲಾ ಇರ್ಬೇಕು?"

ಲೋಟ ಹಿಡಿದುಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಅಜ್ಜಿ ಸಾರಿನ ವಿಷಯ ಹೇಳಿದರು, ನನಗೆ ಕೇಳಿಸಿದ್ದು ಬೇರೆ. ಆ ಅರ್ಜಿ, ಪೆನ್ಸಿಲಿನ ಗುರುತು, 'ಕೌಟುಂಬಿಕ' ಎಂದು ನಾನೇ ಬರೆದ ಕಾರಣ ಎಲ್ಲ ಕಣ್ಣ ಮುಂದೆ ಬಂತು. ಅವಳ ಬದುಕಿಗೆ ಎಷ್ಟು ಖಾರ ಬೇಕೆಂದು ಕೇಳದೆ ಪಾತ್ರೆಗೇ ಸುರಿದು ತಿರುಗಿಸಿದವನು ನಾನು. ನಿಜವಾಗಿ ನಾಚಿಕೆಯಾಯಿತು, ಹಸಿವಾದಾಗ ಆದಂಥ ನಾಚಿಕೆಯಲ್ಲ. ಮೇಲೆ ಹೋಗಿ ಅರ್ಜಿಯನ್ನು ನಾಲ್ಕು ಚೂರು ಮಾಡಿ ಒಲೆಯ ಪಕ್ಕ ಇಟ್ಟೆ. ತಪ್ಪು ಗೊತ್ತಾಯಿತಲ್ಲ, ಇನ್ನು ನಾನು ಬೇರೆಯೇ ಮನುಷ್ಯ ಎಂದು ಅನ್ನಿಸಿತು. ಈ ಅನ್ನಿಸಿಕೆ ಬಂದ ಕೂಡಲೇ ಎಚ್ಚರವಾಗಿರಬೇಕು ಎಂದು ನನಗೆ ಆಗ ತಿಳಿದಿರಲಿಲ್ಲ.

ಮಾರನೆಯ ವಾರ ಫೋನಿಗೆ ಅವಳಿಂದ ಒಂದೇ ಸಾಲು ಬಂತು. ಭಾನುವಾರ ಅಕ್ಕನ ಮನೆಗೆ ಬರುತ್ತೇನೆ, ಕ್ಯಾರಿಯರ್ ತೆಗೆದುಕೊಂಡು ಹೋಗುತ್ತೇನೆ. ನಾನು ಶನಿವಾರವೇ ಸೊಪ್ಪು ಆರಿಸಿದೆ. ಭಾನುವಾರ ಬೆಳಿಗ್ಗೆ ಕಾಳು ಬೇಯಿಸಿದೆ. ಖಾರವನ್ನು ಮಿಕ್ಸಿಗೆ ಹಾಕದೆ ಅಜ್ಜಿಯ ಒರಳಿನ ಮುಂದೆ ಕೂತು ಅರೆದೆ. ಮುದ್ದೆ ಗಂಟಿಲ್ಲದೆ ಬಂತು, ಅದೂ ಎರಡು. ಖಾರವನ್ನು ಒಂದು ಬಿಳಿ ಪಿಂಗಾಣಿ ಬಟ್ಟಲಲ್ಲಿ ಹಾಕಿ ಚಮಚ ಇಟ್ಟು, ಎಲ್ಲರಿಗೂ ಕಾಣುವ ಹಾಗೆ ಜಗಲಿಯ ನಡುವೆ ಇಟ್ಟೆ. ಚೂರು ಮಾಡಿದ ಅರ್ಜಿಯನ್ನು ಜೇಬಿನಲ್ಲಿ ಇಟ್ಟುಕೊಂಡೆ. ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಮೂರು ಸಲ ಹೇಳಿ ನೋಡಿಕೊಂಡೆ.

ಶೋಭಾ ಬಂದಳು. ಸ್ವಲ್ಪ ಇಳಿದುಹೋಗಿದ್ದಳು. ಅದಕ್ಕೂ ನಾನೇ ಕಾರಣ ಎಂದು ನನಗೆ ದುಃಖವಾಯಿತು, ಸ್ವಲ್ಪ ಸಂತೋಷವೂ ಆಯಿತು. ಆಮೇಲೆ ತಿಳಿಯಿತು, ಅವಳ ಎಂಟು ಹಳ್ಳಿಗಳಲ್ಲಿ ಲಸಿಕೆ ಹಾಕುವ ಕೆಲಸ ಜೋರಾಗಿತ್ತಂತೆ. "ಊಟ ಮಾಡ್ಕಂಡು ಓಗವ್ವ, ಬೆಳಿಗ್ಗಿಂದ ಮಾಡವ್ನೆ ನೋಡು, ಇಟ್ನಲ್ಲಿ ಗಂಟೇ ಇಲ್ಲ" ಎಂದು ಅಜ್ಜಿ ಅವಳ ಕೈ ಹಿಡಿದು ಕೂರಿಸಿದರು. ಅವಳು ಮುದ್ದೆ ನೋಡಿದಳು, ಸಾರು ನೋಡಿದಳು, ಬಟ್ಟಲಿನ ಖಾರ ನೋಡಿದಳು. "ನೀವೇ ಮಾಡಿದ್ರಾ?" ಎಂದಳು. ಮುಖ ಸಡಿಲವಾಯಿತು. ಜೇಬಿನಿಂದ ಚೂರುಗಳನ್ನು ತೆಗೆದು ತೋರಿಸಿದೆ.

"ತಪ್ಪಾಯ್ತು ಶೋಭಾ. ನಿನ್ನ ಕೇಳದೆ ಇನ್ನು ಏನೂ ಮಾಡಲ್ಲ. ಯಾರಿಗೆ ಎಷ್ಟು ಬೇಕು ಅನ್ನೋದು ಅವರವರಿಗೇ ಬಿಟ್ಟಿದ್ದು ಅಂತ ನನಗೆ ಅರ್ಥವಾಗಿದೆ" ಎಂದೆ. ಕನ್ನಡಿಯ ಮುಂದೆ ಹೇಳಿದ್ದಕ್ಕಿಂತ ಚೆನ್ನಾಗಿ ಬಂತು. ಅವಳ ಕಣ್ಣು ಒದ್ದೆಯಾಯಿತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವ ಸಂತೋಷದಲ್ಲಿ ಅವಳ ತಟ್ಟೆಗೆ ಮುದ್ದೆ ಇಟ್ಟೆ, ಸಾರು ಬಿಟ್ಟೆ, ಚಮಚದ ತುದಿಯಲ್ಲಿ ಕಡಲೆಕಾಳಿನಷ್ಟು ಖಾರ ತೆಗೆದು ತಟ್ಟೆಯ ಅಂಚಿಗೆ ಹಚ್ಚಿ, "ನಿನಗೆ ಇಷ್ಟು ಸಾಕು" ಎಂದೆ.

ಅಜ್ಜಿ ಹಣೆ ಚಚ್ಚಿಕೊಂಡ ಸದ್ದು ಕೇಳಿದ ಮೇಲೆಯೇ ನನಗೆ ಏನು ಮಾಡಿದೆನೆಂದು ಗೊತ್ತಾದದ್ದು.

ಶೋಭಾ ಸಿಟ್ಟಾಗಲಿಲ್ಲ. ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಒಂದು ಚಮಚ ಹಾಕಿಕೊಂಡಳು, ಇನ್ನೊಂದು ಹಾಕಿಕೊಂಡಳು, ಮೂರನೆಯದನ್ನೂ ಹಾಕಿಕೊಂಡು ಕಲಸಿ ನಿಧಾನವಾಗಿ ಉಂಡಳು. ಕೆಮ್ಮಲಿಲ್ಲ. ಕಣ್ಣಲ್ಲಿ ನೀರು ಬರಲಿಲ್ಲ. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ.

"ನಿನಗೆ ಖಾರ ಆಗಲ್ಲ ಅಲ್ವಾ?" ಎಂದೆ.

"ಅವತ್ತು ಮಾತಾಡ್ತಾ ಉಣ್ಣೋಕೋಗಿ ನೆತ್ತಿಗೆ ಹತ್ತಿತ್ತು, ಅಷ್ಟೇ. ಖಾರ ನಂಗೆ ನಿಮಗಿಂತ ಜಾಸ್ತಿ ಬೇಕು. ಮೊದಮೊದಲು ನೀವು ಬಡಿಸ್ತೀರಲ್ಲ ಅಂತ ಖುಸಿ ಆಗೋದು, ಸುಮ್ನೆ ಉಣ್ತಿದ್ದೆ. ಆಮೇಲೆ ಇನ್ನೊಂಚೂರು ಹಾಕ್ರಿ, ಹಾಕ್ರಿ ಅಂತ ಎಷ್ಟು ಸಲ ಹೇಳ್ದೆ. ನೀವು ಹಾಕ್ನಿಲ್ಲ. ನಾಲ್ಕೊರ್ಸ ಸಪ್ಪೆ ಸಾರು ಉಂಡಿವ್ನಿ ಕಣ್ರೀ, ನಾನೇ ಅರೆದ ಖಾರ ಮುಂದೆ ಇಟ್ಕಂಡು."

ಅಜ್ಜಿ "ನಂಗೊತ್ತಿತ್ತು ಬುಡು" ಎಂದು ಗೋಡೆಗೆ ಹೇಳಿದರು.

ಉಂಡು ಕೈ ತೊಳೆದ ಮೇಲೆ ಕ್ಯಾರಿಯರ್ ತಂದುಕೊಟ್ಟೆ. ಅವಳು ಅದರ ಜೊತೆಗಿದ್ದ ಸಣ್ಣ ಡಬ್ಬಿಯನ್ನು ತೆಗೆದು ನನ್ನ ಮುಂದೆ ಹಿಡಿದಳು. "ಸಾರು ಬ್ಯಾಡ. ಖಾರ ಚೆನ್ನಾಗಿ ಅರ್ದಿದ್ದೀರಿ, ಅದನ್ನ ಕೊಡಿ." ನಾನು ಚಮಚ ಎತ್ತಿದೆ. ಕೈ ತಾನಾಗಿಯೇ ಒಂದು ಅಳತೆಗೆ ಹೊರಟಿತ್ತು, ತಡೆದು ನಿಲ್ಲಿಸಿದೆ. "ಎಷ್ಟು ಹಾಕಲಿ?" ಎಂದು ಕೇಳಿದೆ.

"ಪೂರ್ತಿ" ಎಂದಳು.

ಬಟ್ಟಲು ಬಳಿದು ಕೊಟ್ಟೆ. ಮುಂದಿನ ಭಾನುವಾರ ಬರುತ್ತೀಯಾ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ನಿಜವಾಗಿ ಗೊತ್ತಿಲ್ಲದವರು ಹೇಳುವ ದನಿ ಅದು. ಈ ಸಲ ಬಸ್ ಸ್ಟ್ಯಾಂಡಿನವರೆಗೆ ಬರಲಾ ಎಂದು ಕೇಳಿದೆ, ಬೇಡ ಎಂದಳು, ಹೋಗಲಿಲ್ಲ.

ನನ್ನ ಊಟ ಆಗಿರಲಿಲ್ಲ. ಜಗಲಿಯ ಮೇಲೆ ಒಂದು ಮುದ್ದೆ, ಅರ್ಧ ಪಾತ್ರೆ ಸಾರು, ತೊಳೆದಷ್ಟು ಬೆಳ್ಳಗಾಗಿದ್ದ ಖಾರದ ಬಟ್ಟಲು. ಇರಲಿ, ಅವಳು ಉಂಡ ಹಾಗೆಯೇ ಒಂದು ದಿನ ನಾನೂ ಉಂಡು ನೋಡುತ್ತೇನೆ ಎಂದು ಕೂತೆ. ಸಾರಿನಲ್ಲಿ ಅದ್ದಿ ಒಂದು ತುತ್ತು ನುಂಗಿದೆ. ಎರಡನೆಯದನ್ನು ಕಣ್ಣು ಮುಚ್ಚಿ ನುಂಗಿದೆ. ಅವಳು ನಾಲ್ಕು ವರ್ಷ ಉಂಡಿದ್ದಳು. ನಾನು ಮೂರನೆಯ ತುತ್ತಿಗೇ ಎದ್ದು, ಬಟ್ಟಲು ಹಿಡಿದು, ಒಂಚೂರು ಖಾರ ಇದ್ದರೆ ಕೊಡಿ ಎಂದು ಕೆಂಪಮ್ಮಜ್ಜಿಯ ಬಾಗಿಲಿಗೆ ಹೋದೆ.